ವಿಶ್ವವಿದ್ಯಾನಿಲಯದ ನೌಕರಿ: ಹುದ್ದೆ ಖಾಲಿ, ‘ಅತಿಥಿ’ಗಳೇ ಆಧಾರ

ಮಗಳ ಎಂ.ಎಸ್ಸಿ. ಮುಗಿಯಿತು, ಇನ್ನು ಯುನಿವರ್ಸಿಟಿಯಲ್ಲಿ ಕೆಲಸ ಸಿಕ್ಕೀತೇ ಎಂದು ಕೇಳುವ ತಂದೆತಾಯಿಗಳು ನಮ್ಮ ಕರಾವಳಿಯಲ್ಲಿ ಬಹಳ ಮಂದಿ. ಅವರ ಪ್ರಶ್ನೆಗೆ ಹಾರಿಕೆಯ ಉತ್ತರ ಕೊಡುವುದು ಸರಿಯಲ್ಲವೆಂದು ನಮ್ಮ ಅನಿಸಿಕೆ.

ಅರ್ಹತೆಯ ವಿಚಾರ ಕಷ್ಟದ್ದಲ್ಲ. ಸಹಾಯಕ ಪ್ರಾಧ್ಯಾಪಕರಾಗಲು ಸಾಮಾನ್ಯವಾಗಿ ಸ್ನಾತಕೋತ್ತರ ಪದವಿಯಲ್ಲಿ ಶೇ. 55 ಅಂಕ, ಜೊತೆಗೆ ನೆಟ್ ಅಥವಾ ಕೆ-ಸೆಟ್ ಬೇಕು. ವಿಶ್ವವಿದ್ಯಾನಿಲಯಗಳಲ್ಲಿ ಪಿಎಚ್.ಡಿ. ಕಡ್ಡಾಯ ಮಾಡಬೇಕೆಂದಿದ್ದ ಯುಜಿಸಿ, 2023ರ ಜುಲೈಯಿಂದ ಆ ಷರತ್ತನ್ನು ಕೈಬಿಟ್ಟಿತು. ಹಿಂದೆ ಮೈಸೂರು ವಿಶ್ವವಿದ್ಯಾನಿಲಯ ನಡೆಸುತ್ತಿದ್ದ ಕೆ-ಸೆಟ್ ಪರೀಕ್ಷೆ ಈಗ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಕೈಯಲ್ಲಿದೆ. ಆರಂಭದ ಮೂಲ ವೇತನವೇ 57,700 ರೂಪಾಯಿ.

ತೊಡಕಿರುವುದು ಹುದ್ದೆಯಲ್ಲಿ. 1980ರಲ್ಲಿ ಆರಂಭವಾದ ನಮ್ಮ ಮಂಗಳೂರು ವಿಶ್ವವಿದ್ಯಾನಿಲಯವೂ ಸೇರಿದಂತೆ ರಾಜ್ಯದ ವಿಶ್ವವಿದ್ಯಾನಿಲಯಗಳು ಖಾಲಿ ಹುದ್ದೆಯನ್ನು ತಮ್ಮಷ್ಟಕ್ಕೆ ತುಂಬುವಂತಿಲ್ಲ. ಸರಕಾರದ ಒಪ್ಪಿಗೆ ಬೇಕು. ಅದು ಸುಲಭದಲ್ಲಿ ಬರುವುದಿಲ್ಲ. ಒಳಮೀಸಲಾತಿ ತೀರ್ಮಾನವಾಗುವ ತನಕ ಹೊಸ ನೇಮಕಾತಿ ಅಧಿಸೂಚನೆ ಬೇಡವೆಂದು 2024ರ ಅಕ್ಟೋಬರಿನಲ್ಲಿ ಸಚಿವ ಸಂಪುಟ ನಿರ್ಧರಿಸಿತು; ಸಂಪುಟ ಆ ಬಗ್ಗೆ ತೀರ್ಮಾನ ಕೈಗೊಂಡದ್ದು 2025ರ ಆಗಸ್ಟಿನಲ್ಲಿ.

ಆದರೆ ತರಗತಿ ನಿಲ್ಲುವುದಿಲ್ಲವಲ್ಲ! ಪಾಠ ಮಾಡಲು ಬರುವವರು ಅತಿಥಿ ಉಪನ್ಯಾಸಕರು. ಸರಕಾರಿ ಪದವಿ ಕಾಲೇಜುಗಳಲ್ಲೇ ಇಂಥವರು ಹತ್ತು ಸಾವಿರಕ್ಕೂ ಮಿಕ್ಕಿ ಇದ್ದಾರೆ. 2022ರಲ್ಲಿ ಅವರ ಗೌರವಧನ ಗರಿಷ್ಠ 32,000 ರೂಪಾಯಿಗೆ ಏರಿತು. ಮುಷ್ಕರದ ಬಳಿಕ 2024ರ ಜನವರಿಯಲ್ಲಿ ಸೇವಾವಧಿ ನೋಡಿ ಐದರಿಂದ ಎಂಟು ಸಾವಿರ ಸೇರಿತು. 15 ವರ್ಷ ಮೀರಿ ದುಡಿದವರಿಗೆ ಎಂಟು ಸಾವಿರ. ಹದಿನೈದು ವರ್ಷ ಉಳಿದವನನ್ನು ಅತಿಥಿಯೆಂದು ಕರೆಯುವ ಮನೆ ನಮ್ಮೂರಲ್ಲಂತೂ ಇಲ್ಲ.

ಯುಜಿಸಿ 2019ರಲ್ಲೇ ಅತಿಥಿ ಉಪನ್ಯಾಸಕರಿಗೆ ಒಂದು ತರಗತಿಗೆ 1,500 ರೂಪಾಯಿ, ತಿಂಗಳಿಗೆ ಗರಿಷ್ಠ 50,000 ರೂಪಾಯಿ ಎಂದು ಹೇಳಿತ್ತು. ಅದರ 2018ರ ನಿಯಮಾವಳಿಯ ಪ್ರಕಾರ ಗುತ್ತಿಗೆ ಅಧ್ಯಾಪಕರು ಒಟ್ಟು ಹುದ್ದೆಗಳ ಶೇ. 10ನ್ನು ಮೀರಬಾರದು, ಅವರ ಸಂಬಳ ಖಾಯಂ ಸಹಾಯಕ ಪ್ರಾಧ್ಯಾಪಕರಿಗಿಂತ ಕಡಿಮೆಯಿರಬಾರದು. ಈ ಮಿತಿಯನ್ನೇ 2025ರ ಜನವರಿಯ ಕರಡು ತೆಗೆದುಹಾಕಿತು. ಕುಲಪತಿ ನೇಮಕಾತಿಯ ವಿಷಯದಲ್ಲಿ ಆ ಕರಡಿಗೆ ಕರ್ನಾಟಕವೂ ಸೇರಿ ಹಲವು ರಾಜ್ಯಗಳು ಜೋರಾಗಿ ವಿರೋಧಿಸಿದವು. ಗುತ್ತಿಗೆಯ ಮಾತು ಅಷ್ಟು ಜೋರಾಗಿ ಕೇಳಿಬರಲಿಲ್ಲ. ನಮ್ಮ ಮಕ್ಕಳ ಅನ್ನಕ್ಕೆ ಸಂಬಂಧಿಸಿದ್ದು ಅದುವೇ.

ಬೋಧಕೇತರರ ಪಾಡು ಇನ್ನೂ ಮರೆಯಲ್ಲಿದೆ. ಕಚೇರಿ ಸಹಾಯಕ, ಪ್ರಯೋಗಾಲಯದ ಅಟೆಂಡರ್, ಚಾಲಕ, ಕಾವಲು, ಶುಚಿತ್ವ - ಈ ಕೆಲಸಗಳಿಗೆ ಹೆಚ್ಚಾಗಿ ಹೊರಗುತ್ತಿಗೆಯ ಏಜೆನ್ಸಿಗಳ ಮೂಲಕವೇ ಜನ ಬರುತ್ತಾರೆ. ಇಲ್ಲಿ ಸೇರುವವರು ವಿಶ್ವವಿದ್ಯಾನಿಲಯದ ನೌಕರರಲ್ಲ, ಏಜೆನ್ಸಿಯ ನೌಕರರು. ಆದೇಶಪತ್ರ ಯಾರ ಹೆಸರಿನಲ್ಲಿದೆ, ಪಿ.ಎಫ್. ಮತ್ತು ಇ.ಎಸ್.ಐ. ಕಟ್ಟುತ್ತಾರೋ ಎಂದು ಮೊದಲ ದಿನವೇ ಕೇಳಿಕೊಳ್ಳಬೇಕು. ಗ್ರಂಥಾಲಯ ವಿಜ್ಞಾನ ಓದಿದವರು ಇನ್ನೊಂದು ಗಮನಿಸಲಿ: ಸಹಾಯಕ ಗ್ರಂಥಪಾಲಕ ಹುದ್ದೆಗೂ ನೆಟ್ ಅಥವಾ ಸೆಟ್ ಬೇಕು, ಆರಂಭದ ವೇತನ ಶ್ರೇಣಿಯೂ ಅಧ್ಯಾಪಕರದ್ದೇ.

ಸಹಾಯಕ ಪ್ರಾಧ್ಯಾಪಕ ಅರ್ಹತೆಗಾಗಿ ನೆಟ್ ಬರೆಯಲು ವಯೋಮಿತಿ ಇಲ್ಲ. ಆದರೆ ಸಂಶೋಧನಾ ವೇತನ ಸಿಗುವ ಜೆ.ಆರ್.ಎಫ್.ಗೆ 30 ವರ್ಷವೇ ಗಡಿ. ಮಹಿಳೆಯರಿಗೂ ಮೀಸಲು ವರ್ಗಗಳಿಗೂ ಐದು ವರ್ಷ ರಿಯಾಯಿತಿ ಇದೆ. 2023ರಿಂದ ಅದರ ಮೊತ್ತ ತಿಂಗಳಿಗೆ 37,000 ರೂಪಾಯಿ. ಹೊಸ ಅತಿಥಿ ಉಪನ್ಯಾಸಕನ ಗೌರವಧನಕ್ಕೆ ಇದೇನೂ ಕಡಿಮೆಯಲ್ಲ, ಕೊನೆಗೆ ಕೈಯಲ್ಲೊಂದು ಪಿಎಚ್.ಡಿ. ಉಳಿಯುತ್ತದೆ. ಅತಿಥಿಯಾಗಿ ಸೇರುವ ಮೊದಲು ಮನೆಯವರು ಕೂತು ಈ ಲೆಕ್ಕ ಹಾಕಲಿ.