ಫ್ಲೆಕ್ಸಿಗೆ ಹಾರ, ಬ್ರಷ್ಷಿಗೆ ಕೇಸು



ಬೆಂಗಳೂರಿನಲ್ಲಿ ಪಾಲಿಕೆ ಚುನಾವಣೆಯ ಮಾತು ಎದ್ದರೆ ಸಾಕು, ಕಂಬಕಂಬದಲ್ಲೂ ಆಕಾಂಕ್ಷಿಗಳು ಕೈಮುಗಿದು ನಿಲ್ಲುತ್ತಾರೆ. ಹುಟ್ಟುಹಬ್ಬದ ಫ್ಲೆಕ್ಸು, ಶುಭಾಶಯದ ಫ್ಲೆಕ್ಸು, ಶುಭ ಕೋರಿದವರಿಗೆ ಧನ್ಯವಾದದ ಫ್ಲೆಕ್ಸು! 2018ರ ಆಗಸ್ಟ್‌ನಲ್ಲಿ ಹೈಕೋರ್ಟ್ ಗದರಿಸಿದಾಗ ನಾಲ್ಕು ದಿನ ಆಕಾಶ ಕಂಡಿತು, ಅಷ್ಟೇ. ಅದೇ ಊರಿನಲ್ಲಿ ಆಳುವವರಿಗೆ ಒಪ್ಪದ ಒಂದು ಮಾತು ಗೋಡೆ ಹತ್ತಲಿ, 1981ರ ತೆರೆದ ಸ್ಥಳಗಳ ವಿರೂಪ ತಡೆ ಕಾಯ್ದೆ ನಿದ್ದೆಯಿಂದ ಎದ್ದು ಕೂರುತ್ತದೆ: ಆರು ತಿಂಗಳವರೆಗೆ ಸಜೆ, ಸಾವಿರ ರೂಪಾಯಿವರೆಗೆ ದಂಡ. 2020ರ ಜನವರಿಯಲ್ಲಿ ಚರ್ಚ್ ಸ್ಟ್ರೀಟಿನ ಗೋಡೆಬರಹಕ್ಕೆ ಎದ್ದಿತು. 2022ರ ಸೆಪ್ಟೆಂಬರ್‌ನಲ್ಲಿ ಮುಖ್ಯಮಂತ್ರಿಯನ್ನು ಅಣಕಿಸುವ ‘ಪೇಸಿಎಂ’ ಪೋಸ್ಟರ್ ಅಂಟಿಸಿದವರ ಮೇಲೆ ಮತ್ತೆ ಎದ್ದಿತು. ಆ ಪೋಸ್ಟರ್ ಅಂಟಿಸಿದ ವಿರೋಧ ಪಕ್ಷವೇ ಮರುವರ್ಷ ಅಧಿಕಾರಕ್ಕೆ ಬಂತು. ಕಾಯ್ದೆ ಎಲ್ಲಿತ್ತೋ ಅಲ್ಲೇ ಇದೆ. ಕೈಗೆ ಬಂದ ಬೆತ್ತವನ್ನು ಮುರಿಯುವವರುಂಟೆ?

ಕಲೆ ಎಲ್ಲಿ ಮುಗಿದು ಕಿಡಿಗೇಡಿತನ ಎಲ್ಲಿ ಶುರುವಾಗುತ್ತದೆ ಎಂದು ಕೇಳುವ ಮೊದಲು, ಊರಿಗೆ ಏನು ಉಳಿಯಿತು ಎಂದು ನೋಡಬೇಕು. 2015ರಲ್ಲಿ ಕಲಾವಿದ ಬಾದಲ್ ನಂಜುಂಡಸ್ವಾಮಿ ಸುಲ್ತಾನ್‌ಪಾಳ್ಯದ ರಸ್ತೆಗುಂಡಿಯ ನೀರಿಗೆ ಮೊಸಳೆ ಬಿಟ್ಟರು. 2019ರಲ್ಲಿ ಅವರದೇ ವಿಡಿಯೊದಲ್ಲಿ ಹೇರೋಹಳ್ಳಿಯ ರಸ್ತೆಯ ಮೇಲೆ ಗಗನಯಾತ್ರಿಯೊಬ್ಬ ತೇಲುತ್ತ ನಡೆದ. ಪಕ್ಕದಲ್ಲಿ ಆಟೊ ಹಾದಾಗಲೇ ಅದು ಚಂದ್ರನಲ್ಲ, ನಮ್ಮ ವಾರ್ಡು ಎಂದು ಗೊತ್ತಾದದ್ದು. ಅರ್ಜಿಗೆ ಮುಚ್ಚದ ಗುಂಡಿ ನಗೆಪಾಟಲಿಗೆ ಮುಚ್ಚಿತು. ರಸ್ತೆಯನ್ನು ವಿರೂಪಗೊಳಿಸಿದವರು ಮೊಸಳೆ ಬಿಟ್ಟವರೋ, ಗುಂಡಿ ಬಿಟ್ಟವರೋ? ಇನ್ನೊಂದು ಕಡೆ ನೋಡಿ. ಸಿನಿಮಾ ಬ್ಯಾನರ್ ಬರೆಯುವವರ ಅನ್ನ ಕಿತ್ತದ್ದೇ ಫ್ಲೆಕ್ಸು. 2009ರ ಸುಮಾರಿಗೆ ಬಿಬಿಎಂಪಿ ಅದೇ ಕೈಗಳಿಂದ ಗೋಡೆಗಳ ಮೇಲೆ ಹಂಪಿ, ಅರಮನೆ, ಯಕ್ಷಗಾನ ಬರೆಸಿತು. ಅನುಮತಿ ಇದ್ದ ಚಿತ್ರಗಳು, ಸರ್ಕಾರಿ ದುಡ್ಡಿನ ಬಣ್ಣ. ಅವುಗಳ ಗತಿ ಏನಾಯಿತು? ಕಲ್ಲಿನ ರಥದ ಚಕ್ರಕ್ಕೆ ಮೈದಾ ಗೋಂದಿನಲ್ಲಿ ‘ಪಿಜಿ ಖಾಲಿ ಇದೆ’, ಗುಮ್ಮಟದ ಮೇಲೆ ಬೋರ್‌ವೆಲ್ ಜಾಹೀರಾತು, ಬುಡದಲ್ಲಿ ಉಚ್ಚೆಯ ಕರೆ. ಅಂಟಿಸಿದವರ ಫೋನ್ ನಂಬರು ಅಂಗೈಯಗಲದ ಅಕ್ಷರದಲ್ಲಿದ್ದರೂ ಆರೋಪಿ ಸಿಗುವುದಿಲ್ಲವಂತೆ!

ಅನುಮತಿ ಪಡೆದು ಬರೆಯಿರಿ ಎಂದು ಸಂಭಾವಿತರು ಬುದ್ಧಿ ಹೇಳುತ್ತಾರೆ. ಆಹಾ, ಗುಂಡಿಯ ಬಗ್ಗೆ ಬರೆಯಲು ಗುಂಡಿಯ ಯಜಮಾನರದೇ ಸಹಿ! ಅದೂ ಚುನಾಯಿತ ಕೌನ್ಸಿಲಿನ ಅವಧಿ 2020ರ ಸೆಪ್ಟೆಂಬರ್‌ನಲ್ಲೇ ಮುಗಿದ ಮೇಲೆ ವರ್ಷಗಟ್ಟಲೆ ಕಾರ್ಪೊರೇಟರೇ ಇಲ್ಲದೆ ನಡೆದ ಊರಿನಲ್ಲಿ. ಹಾಗಾದರೆ ಹಂಪಿಯ ಕಂಬದ ಮೇಲೆ ಪ್ರೇಯಸಿಯ ಹೆಸರು ಕೆತ್ತುವವನೂ ಕಲಾವಿದನೋ ಎಂದು ಕೆಲವರ ಕೊಂಕು. ಅಲ್ಲ ಸ್ವಾಮಿ, ಅವನಿಗೆ ಸ್ಮಾರಕಗಳ ಕಾಯ್ದೆಯಲ್ಲಿ ಎರಡು ವರ್ಷದವರೆಗೆ ಸಜೆ ಇದೆ, ಹಾಕಿಸಿ. ಬಡವನ ಮನೆಗೋಡೆಗೆ ಕೇಳದೆ ಬಣ್ಣ ಎರಚುವವನನ್ನೂ ನಮ್ಮ ಲೆಕ್ಕಕ್ಕೆ ಸೇರಿಸಬೇಡಿ. ಸರ್ಕಾರಿ ಗೋಡೆ, ಬೇಕಾದಾಗ ಬಳಿದು ಹಾಕುತ್ತೇವೆ ಎನ್ನುವ ಅಧಿಕಾರಿಗಳು ದೆಹಲಿ ಹೈಕೋರ್ಟಿನ 2005ರ ತೀರ್ಪು ಓದಲಿ: ವಿಜ್ಞಾನ ಭವನದಿಂದ 1979ರಲ್ಲಿ ಕಿತ್ತುಹಾಕಿದ ಅಮರ್‌ನಾಥ್ ಸೆಹಗಲ್ ಅವರ ಕಂಚಿನ ಭಿತ್ತಿಶಿಲ್ಪವನ್ನು ಕಲಾವಿದನಿಗೇ ಮರಳಿಸಿ, ಐದು ಲಕ್ಷ ಪರಿಹಾರವನ್ನೂ ಕೊಡಬೇಕೆಂದು ಕೋರ್ಟು ಆದೇಶಿಸಿತು. ಗೋಡೆ ಸರ್ಕಾರದ್ದೇ ಆಗಿತ್ತು! ಇನ್ನು ಪೇಂಟ್ ಕಂಪನಿಯ ದುಡ್ಡಿನಲ್ಲಿ ಹಕ್ಕಿ ಹೂವು ಬರೆದು ಸೆಲ್ಫಿಗೆ ನಿಲ್ಲುವ ನಮ್ಮ ಕಲಾಬಂಧುಗಳೇ, ಪಕ್ಕದ ಗೋಡೆಯವನ ಮೇಲೆ ಕೇಸು ಬಿದ್ದಾಗ ನಿಮ್ಮ ಬಾಯಿಗೂ ಯಾರಾದರೂ ಬಣ್ಣ ಬಳಿದಿದ್ದರೇ?

ಬೀದಿಯ ಗೋಡೆ ಬೀದಿಯವರಿಗೆ ಸೇರಲಿ. ಸದ್ಯಕ್ಕೆ ಇಷ್ಟು ಮಾಡಿ: ಮತ ಕೇಳಲು ಬಂದವರಿಗೆ ಕಾಫಿ ಕೊಟ್ಟು, ಬೀದಿಮೂಲೆಯ ಕಂಬದವರೆಗೆ ಕರೆದುಕೊಂಡು ಹೋಗಿ, ಅವರದೇ ಮುಖದ ಕೆಳಗೆ ನಿಲ್ಲಿಸಿ, ಇದರ ಅನುಮತಿ ಚೀಟಿ ಎಲ್ಲಿ ಎಂದು ಕೇಳಿ.