ಯೋಧನ ಋಣ, ನೌಕರಿಯ ನ್ಯಾಯ

ದೇಶಕ್ಕಾಗಿ ಪ್ರಾಣವನ್ನೊಡ್ಡಿ ಹಿಂದಿರುಗಿದ ಯೋಧನಿಗೆ ಜೀವನೋಪಾಯವನ್ನು ಕಲ್ಪಿಸುವುದು ಸಮಾಜದ ಧರ್ಮವೆಂಬುದನ್ನು ನಮ್ಮ ವಾಚಕರಲ್ಲಿ ಯಾರೂ ಅಲ್ಲಗಳೆಯಲಾರರು. ಆದರೆ ಆ ಋಣವನ್ನು ತೀರಿಸುವ ಬಗೆ ಯಾವುದು, ಅದರ ಭಾರವು ಯಾರ ಮೇಲೆ ಬೀಳುವುದು ಎಂಬುದೂ ವಿಚಾರಾರ್ಹವಾದುದೇ. ಈ ವಿಷಯದಲ್ಲಿ ಅಮೆರಿಕಾ ದೇಶದ ಅನುಭವವು ಬೋಧಪ್ರದವಾಗಿದೆ.

ಆ ದೇಶದಲ್ಲಿ ಒಂದು ಕಾಲಕ್ಕೆ ಸರ್ಕಾರದ ನೌಕರಿಗಳು ಗೆದ್ದ ಪಕ್ಷದವರ ಪಾಲಾಗುತ್ತಿದ್ದುವು. 1881ರಲ್ಲಿ, ಹುದ್ದೆ ದೊರೆಯದೆ ಹತಾಶನಾದವನೊಬ್ಬನು ಅಧ್ಯಕ್ಷ ಗಾರ್‌ಫೀಲ್ಡರ ಮೇಲೆ ಗುಂಡು ಹಾರಿಸಿದನು. ಕೆಲವು ವಾರಗಳಲ್ಲಿ ಅವರು ತೀರಿಕೊಂಡರು. 1883ರ ಪೆಂಡಲ್‌ಟನ್ ಶಾಸನವು ಕೇಂದ್ರ ಸರ್ಕಾರದ ಅನೇಕ ಹುದ್ದೆಗಳಿಗೆ ಪರೀಕ್ಷೆಯ ಮೂಲಕ ಯೋಗ್ಯರನ್ನು ಆರಿಸುವ ಪದ್ಧತಿಯನ್ನು ತಂದಿತು. 1944ರ ಶಾಸನವು ಮಾಜಿ ಯೋಧರು ಗಳಿಸಿದ ಅಂಕಗಳಿಗೆ 5ನ್ನೂ, ಸೇವೆಯಲ್ಲಿ ಅಂಗವಿಕಲರಾದವರ ಅಂಕಗಳಿಗೆ 10ನ್ನೂ ಕೂಡಿಸಿತು.

ರಾಜ್ಯಗಳ ಪದ್ಧತಿಗಳಾದರೋ ಭಿನ್ನಭಿನ್ನವಾಗಿವೆ. ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ, ಉತ್ತೀರ್ಣನಾದ ಮಾಜಿ ಯೋಧನನ್ನು ಅಂಕಗಳೆಷ್ಟೇ ಇರಲಿ, ಇತರ ಅಭ್ಯರ್ಥಿಗಳಿಗಿಂತ ಮೇಲಿಡುವ ನಿಯಮವಿದ್ದಿತು. ಅಲ್ಲಿಯ ನೌಕರಳಾಗಿದ್ದ ಹೆಲೆನ್ ಫೀನಿ ಎಂಬಾಕೆ 1971ರ ಪರೀಕ್ಷೆಯೊಂದರಲ್ಲಿ ಎರಡನೆಯ ಅತ್ಯಧಿಕ ಅಂಕಗಳನ್ನು ಪಡೆದರೂ, ಐವರು ಮಾಜಿ ಯೋಧರ ಕೆಳಗೆ ಆರನೆಯವಳಾದಳು. ಆಕೆಯ ಮೊಕದ್ದಮೆಯು ಸರ್ವೋಚ್ಚ ನ್ಯಾಯಾಲಯದವರೆಗೂ ಹೋಯಿತು. 1979ರಲ್ಲಿ ಏಳು ಮಂದಿ ನ್ಯಾಯಾಧೀಶರು, ಈ ನಿಯಮವು ಸ್ತ್ರೀಯರನ್ನು ಹಿಂದೆ ಹಾಕುವ ಉದ್ದೇಶದಿಂದ ಮಾಡಿದುದಲ್ಲವೆಂದು ಅದನ್ನು ಎತ್ತಿಹಿಡಿದರು, ಇಬ್ಬರು ಭಿನ್ನಾಭಿಪ್ರಾಯವನ್ನಿತ್ತರು.

ಉದ್ದೇಶವು ಇರಲಿಲ್ಲವೆಂದೇ ಒಪ್ಪೋಣ. ಆದರೆ 1948ರಿಂದ 1967ರವರೆಗೆ ಆ ದೇಶದ ಸೇನೆಯಲ್ಲಿ ಸ್ತ್ರೀಯರ ಸಂಖ್ಯೆಯು ಶೇಕಡಾ 2ನ್ನು ಮೀರಕೂಡದೆಂಬ ಕಟ್ಟಳೆಯಿದ್ದಿತು. ಮೊದಲು ಸೇನೆಯ ಬಾಗಿಲನ್ನು ಮುಚ್ಚಿ, ಬಳಿಕ ಸೈನಿಕಳಲ್ಲವೆಂದು ಕಚೇರಿಯ ಬಾಗಿಲಲ್ಲಿಯೂ ತಡೆದರೆ, ಮನೆಯ ಹೆಣ್ಣುಮಗಳು ವಿದ್ಯೆಯನ್ನು ನಂಬುವುದೆಂತು?

ನ್ಯೂಯಾರ್ಕ್ ರಾಜ್ಯದ ಕ್ರಮವು ನಮಗೆ ಹೆಚ್ಚು ಸಮಂಜಸವಾಗಿ ತೋರುತ್ತದೆ. ಅಲ್ಲಿಯ ನಗರಗಳ ಹಾಗೂ ಹಳ್ಳಿಗಳ ಆಡಳಿತಕ್ಕೂ ಅನ್ವಯಿಸುವ ಆ ಕ್ರಮದಲ್ಲಿ, ಉತ್ತೀರ್ಣನಾದ ಮಾಜಿ ಯೋಧನಿಗೆ ಕೆಲವು ಅಂಕಗಳು ಮಾತ್ರ ಕೂಡುತ್ತವೆ. ಅವುಗಳ ಬಲದಿಂದ ಒಮ್ಮೆ ನೇಮಕಗೊಂಡವನಿಗೆ ಸಾಮಾನ್ಯವಾಗಿ ಅವು ಮತ್ತೆ ದೊರೆಯವು. ಯೋಧನಿಗೆ ಮನ್ನಣೆಯೂ ಉಂಟು, ಪರೀಕ್ಷೆಗೆ ಬೆಲೆಯೂ ಉಂಟು.

ಯೋಧನ ಋಣವು ಇಡೀ ಸಮಾಜದ್ದು. ಅದನ್ನು ನೌಕರಿಯಿಂದ ಮಾತ್ರವೇ ತೀರಿಸಹೊರಟರೆ, ಸಾಲವು ಎಲ್ಲರದಾಗಿಯೂ ತೆರುವವರು ಕೆಲವರೇ ಆಗುವರು. ಆದುದರಿಂದ ವೇತನ, ಚಿಕಿತ್ಸೆ, ಶಿಕ್ಷಣಗಳಿಂದಲೂ ಅದನ್ನು ತೀರಿಸುವುದು ಯುಕ್ತವೆಂದು ನಮ್ಮ ಅಭಿಪ್ರಾಯ.