ಮಾಳಿಗೆಯ ಮೇಲೆ ಬಿಟ್ಟುಹೋದ ಛತ್ರಿಗಳು

2023ರ ಮಾರ್ಚ್ ತಿಂಗಳಿನಲ್ಲಿ ಧಾರವಾಡದ ಬಡಾವಣೆಯೊಂದರಲ್ಲಿ ನಾನು ಹಳೆಯ ಮನೆಯೊಂದನ್ನು ಕೊಂಡೆ. ಮೂವತ್ತೈದು ವರ್ಷಗಳ ಮಾಸ್ತರಿಕೆಯಲ್ಲಿ ಊರೂರು ಅಲೆದು, ಹನ್ನೊಂದು ಬಾಡಿಗೆ ಮನೆಗಳಲ್ಲಿ ಸಂಸಾರ ಕಟ್ಟಿ ಬಿಚ್ಚಿದವನಿಗೆ ಸ್ವಂತದ್ದೊಂದು ಸೂರು ದೊರೆತ ಸಂಭ್ರಮವನ್ನು ವಿವರಿಸಬೇಕಾಗಿಲ್ಲ. ಮನೆ ಕಟ್ಟಿ ಇಪ್ಪತ್ತೈದು ವರ್ಷಗಳಾಗಿದ್ದವು. ಗೋಡೆ ಗಟ್ಟಿ, ಬಾವಿಯಲ್ಲಿ ನೀರು, ಹಿತ್ತಲಲ್ಲಿ ಎರಡು ತೆಂಗು, ಒಂದು ಕರಿಬೇವು. ಕೊಳ್ಳುವ ಮುನ್ನ ಕಾಗದಪತ್ರಗಳನ್ನು ವಕೀಲರಿಗೆ ತೋರಿಸಿದೆ, ಗೋಡೆಗಳನ್ನು ಗೌಂಡಿಗೆ ತೋರಿಸಿದೆ. ಮಾಳಿಗೆಯ ಮೇಲೂ ಹತ್ತಿದ್ದೆ. ಅಲ್ಲಿ ಮೂರು ಡಿಶ್‌ಗಳು ನಿಂತಿದ್ದುದನ್ನು ಕಂಡಿದ್ದೆ. ಆದರೆ ಕಂಡದ್ದೆಲ್ಲ ತಲೆಗೆ ಹೋಗುವುದಿಲ್ಲವೆಂದು ಮಕ್ಕಳಿಗೆ ಬೈಯುತ್ತಿದ್ದ ನಾನೇ ಆ ದಿನ ಹಾಗಾದೆ.

ಜೂನ್ ಕೊನೆಯ ವಾರ ಧಾರವಾಡದ ಜಿಟಿಜಿಟಿ ಮಳೆ ಹಿಡಿಯಿತು. ನಾಲ್ಕನೆಯ ದಿನ ನನ್ನ ಪುಸ್ತಕಗಳಿದ್ದ ಕೋಣೆಯ ಛತ್ತಿನಲ್ಲಿ ಅಂಗೈಯಗಲದ ಕಂದು ಕಲೆ ಮೂಡಿತು. ವಾರದೊಳಗೆ ಅದು ಮೊರದಷ್ಟಾಯಿತು. ಒಂದು ಬೆಳಿಗ್ಗೆ ಸಿಮೆಂಟಿನ ಹಪ್ಪಳವೊಂದು ಕಳಚಿ ನನ್ನ ಮೇಜಿನ ಮೇಲೆ ಬಿದ್ದಿತು. ಮೇಲೆ ಹೋಗಿ ನೋಡಿದರೆ ಕಲೆಯ ನೇರಕ್ಕೆ, ಡಿಶ್ ಕಾಲಿನ ಬುಡದಲ್ಲಿ ನಾಲ್ಕು ಬೋಲ್ಟುಗಳು ತುಕ್ಕು ಹಿಡಿದು ಹೂವಿನಂತೆ ಅರಳಿದ್ದವು.

ಇದರ ಕ್ರಮ ಸರಳವಾದುದು. ಡಿಶ್ ಕೂರಿಸುವ ಹುಡುಗ ನೀರು ಇಳಿಯದಂತೆ ಮಾಡಿದ ಗಿಲಾವನ್ನು ದಾಟಿ ಸ್ಲ್ಯಾಬಿನವರೆಗೆ ಡ್ರಿಲ್ ಹೊಡೆಯುತ್ತಾನೆ, ಆಂಕರ್ ಬೋಲ್ಟ್ ತುರುಕಿ ನಟ್ಟು ಬಿಗಿಯುತ್ತಾನೆ. ಗಾಳಿ ಬೀಸಿದಾಗಲೆಲ್ಲ ಬಟ್ಟಲು ಹಾಯಿಯಂತೆ ಎಳೆಯುತ್ತದೆ, ಬೋಲ್ಟು ಕೂದಲೆಳೆಯಷ್ಟು ಅಲುಗುತ್ತದೆ, ಆ ಎಡೆಯಲ್ಲಿ ನೀರು ಇಳಿಯುತ್ತದೆ. ನೀರು ಸ್ಲ್ಯಾಬಿನ ಕಬ್ಬಿಣದ ಸರಳನ್ನು ಮುಟ್ಟಿದರೆ ಸರಳು ತುಕ್ಕು ಹಿಡಿಯುತ್ತದೆ. ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಸ್ಥಳ ಬೇಡುತ್ತದೆ. ಸಿಗದಿದ್ದಾಗ ಕಾಂಕ್ರೀಟನ್ನು ಒಡೆದು ಹೊರಗೆ ದೂಡುತ್ತದೆ. ಎಂಟನೆಯ ತರಗತಿಗೆ ಹೇಳಿಕೊಡುತ್ತಿದ್ದ ಪಾಠ ನನ್ನ ಮೇಜಿನ ಮೇಲೆ ಉದುರಿತು, ಅಷ್ಟೆ.

ಡಿಶ್‌ನ ಮೇಲೆ ಕಂಪನಿಯ ಹೆಸರೂ ದೂರವಾಣಿ ಸಂಖ್ಯೆಯೂ ದೊಡ್ಡದಾಗಿ ಅಚ್ಚಾಗಿದ್ದವು. ಕರೆ ಮಾಡಿದೆ. ಒಂದು ಒತ್ತಿ, ಎರಡು ಒತ್ತಿ ಎಂಬ ಪ್ರದಕ್ಷಿಣೆಯೆಲ್ಲ ಮುಗಿದ ಮೇಲೆ ಹೆಣ್ಣುಮಗಳೊಬ್ಬಳು ಬಹು ವಿನಯದಿಂದ ಗ್ರಾಹಕ ಸಂಖ್ಯೆ ಕೇಳಿದಳು. ನಾನು ಗ್ರಾಹಕನಲ್ಲವೆಂದೆ. ಹಾಗಾದರೆ ದೂರು ದಾಖಲಿಸಲು ಬಾರದೆಂದಳು. ಡಿಶ್ ನಿಮ್ಮದಲ್ಲವೇ ಎಂದರೆ, ಅದನ್ನು ಗ್ರಾಹಕರು ಕೊಂಡಿದ್ದಾರೆ, ನಮ್ಮದಲ್ಲ ಎಂದಳು. ಎರಡನೆಯ ಕಂಪನಿಯವರದೂ ಇದೇ ಮಾತು. ಮೂರನೆಯದರ ಬಣ್ಣ ಹೋಗಿ ಹೆಸರೇ ಕಾಣುತ್ತಿರಲಿಲ್ಲ. ಆ ಒಂದು ಕರೆ ಉಳಿಯಿತು. ಮನೆ ಮಾರಿದವರು ಪುಣೆಯ ಮಗನ ಮನೆಯಿಂದ ಹೇಳಿದರು: “ಒಂದು ನಮ್ಮದು ಖರೆ, ಉಳಿದೆರಡು ಬಾಡಿಗಿಯವರು ಹಾಕಿಸಿದ್ದರಿ.” ಡಿಶ್ ಕೂರಿಸುವ ಹುಡುಗನೊಬ್ಬನನ್ನು ಓಣಿಯಲ್ಲಿ ಹಿಡಿದೆ. “ಸರ, ಹಾಕೂದಕ್ಕ ಕಂಪನಿ ನಮಗ ರೊಕ್ಕ ಕೊಡತೈತಿ, ತೆಗಿಯೂದಕ್ಕ ಕೊಡೂದಿಲ್ಲರಿ” ಎಂದ. ಈ ಇಡೀ ಪ್ರಕರಣದಲ್ಲಿ ನನಗೆ ದೊರೆತ ಪ್ರಾಮಾಣಿಕ ಉತ್ತರ ಅದೊಂದೇ.

ನನ್ನ ತಕರಾರು ಇರುವುದು ಆ ಹುಡುಗನ ಮಾತಿನಲ್ಲಿಯೇ. ನಮ್ಮಲ್ಲಿ ಖಾಸಗಿ ಡಿಟಿಎಚ್ ಸೇವೆ ಆರಂಭವಾದದ್ದು 2003ರಲ್ಲಿ. ದೂರದರ್ಶನದ ಉಚಿತ ಸೇವೆ ಬಂದದ್ದು 2004ರ ಡಿಸೆಂಬರಿನಲ್ಲಿ. ಅಲ್ಲಿಂದ ಇಲ್ಲಿಯವರೆಗೆ ಹಾಕುವುದಕ್ಕೆ ರಿಯಾಯಿತಿ, ಹಬ್ಬದ ಕೊಡುಗೆ, ಮನೆಬಾಗಿಲ ಸೇವೆ ಎಲ್ಲವೂ ಇದ್ದವು. ತೆಗೆಯುವುದಕ್ಕೆ ನನ್ನ ಬಾಗಿಲಿಗೆ ಬಂದವರು ಯಾರೂ ಇಲ್ಲ. ಟ್ರಾಯ್ ಪ್ರಕಟಿಸಿದ ಅಂಕಿಗಳಂತೆ 2020ರ ಕೊನೆಯಲ್ಲಿ ಹಣ ತೆತ್ತು ಡಿಟಿಎಚ್ ನೋಡುವ ಸಕ್ರಿಯ ಚಂದಾದಾರರು ಸುಮಾರು 7 ಕೋಟಿ. 2024ರ ಕೊನೆಯ ಹೊತ್ತಿಗೆ ಅದು 6 ಕೋಟಿಗಿಂತ ಕೆಳಗಿಳಿದಿತ್ತು. ಅಂದರೆ ನಾಲ್ಕು ವರ್ಷಗಳಲ್ಲಿ ಒಂದು ಕೋಟಿಗೂ ಮೀರಿದ ಇಳಿಕೆ. ಅವರಲ್ಲಿ ಕೆಲವರು ಅದೇ ಡಿಶ್ ತಿರುಗಿಸಿ ಉಚಿತ ಸೇವೆ ಪಡೆಯುತ್ತಿರಬಹುದು, ಒಪ್ಪೋಣ. ಉಳಿದವರ ಡಿಶ್‌ಗಳು ಎಲ್ಲಿವೆ? ತಮ್ಮ ಊರಿನ ಯಾವ ಮಾಳಿಗೆಯ ಮೇಲಾದರೂ ನಿಂತು ಒಮ್ಮೆ ಸುತ್ತ ನೋಡಿ, ಓದುಗರೆ.

ಮೂರು ಡಿಶ್‌ಗಳೇಕೆ ಎಂಬುದೂ ವಿಚಾರಿಸತಕ್ಕ ಸಂಗತಿ. ಡಿಶ್ ಎಂಬುದು ಕೇವಲ ಒಂದು ಪರವಲಯ. ಬಂದ ಅಲೆಗಳನ್ನು ಒಂದು ಬಿಂದುವಿಗೆ ಕೂಡಿಸುವುದಷ್ಟೇ ಅದರ ಧರ್ಮ. ಅದಕ್ಕೆ ಕಂಪನಿಯ ಹಂಗಿಲ್ಲ. ಉಪಗ್ರಹಗಳೋ ಭೂಮಧ್ಯರೇಖೆಯ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿವೆ. ನನ್ನ ಮಾಳಿಗೆಯ ಮೂರೂ ಡಿಶ್‌ಗಳು ಆಗ್ನೇಯಕ್ಕೇ ಮುಖ ಮಾಡಿದ್ದವು. (ವಾಸ್ತು ಬಲ್ಲ ನೆರೆಯವರೊಬ್ಬರು ಇದು ಶುಭವೆಂದರು. ಅಗ್ನಿಮೂಲೆಯಲ್ಲಿ ನೀರು ಸೋರುವುದಕ್ಕೆ ಶಾಸ್ತ್ರದಲ್ಲಿ ಏನಿದೆಯೆಂದು ಕೇಳಿದೆ, ಉತ್ತರ ಬರಲಿಲ್ಲ.) ಕಂಪನಿ ಬದಲಾದಾಗ ಹಳೆಯ ಬಟ್ಟಲನ್ನೇ ತುಸು ತಿರುಗಿಸಿ, ಬೇಕಾದರೆ ಮುಂದಿನ ಎಲ್ಎನ್‌ಬಿ ಬದಲಿಸಿದರೆ ಸಾಕಾಗುತ್ತಿತ್ತು. ಸೆಟ್‌ಟಾಪ್ ಬಾಕ್ಸ್ ಒಂದೇ ಎಲ್ಲ ಕಂಪನಿಗಳಿಗೂ ಸಲ್ಲುವಂತಿರಬೇಕೆಂದು ಟ್ರಾಯ್ 2020ರಲ್ಲಿ ಶಿಫಾರಸು ಮಾಡಿತು. ಬಾಕ್ಸಿನ ಮಾತೇನೋ ಜಟಿಲ. ಆದರೆ ತಗಡಿನ ಬಟ್ಟಲಿಗೇನು ಬಂದಿತ್ತು ರೋಗ? ಅದರ ಮೇಲೆ ಪ್ರತಿಸ್ಪರ್ಧಿಯ ಹೆಸರಿದೆ ಎಂಬುದೊಂದೇ ರೋಗ. ಹಳೆಯ ಹೆಸರನ್ನು ತೆಗೆಯುವ ಶ್ರಮವೂ ಬೇಡವೆಂದು ಪಕ್ಕದಲ್ಲಿ ಇನ್ನೂ ನಾಲ್ಕು ತೂತು ಹೊಡೆದರು.

ಇಲ್ಲಿ ನನಗೊಂದು ಹಳೆಯ ದೃಶ್ಯ ನೆನಪಾಗುತ್ತದೆ. 1975ರ ಆಗಸ್ಟ್ 1ರಿಂದ ಒಂದು ವರ್ಷ ಸೈಟ್ ಎಂಬ ಉಪಗ್ರಹ ದೂರದರ್ಶನ ಪ್ರಯೋಗ ನಡೆಯಿತು. ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮಗಳು ಬಂದವು. ಕರ್ನಾಟಕದಲ್ಲಿ ಆಗಿನ ಗುಲಬರ್ಗಾ, ರಾಯಚೂರು, ವಿಜಾಪುರ ಜಿಲ್ಲೆಗಳ ಹಳ್ಳಿಗಳಿದ್ದವು. ನಮ್ಮ ಹಳ್ಳಿಯೂ ಅದರಲ್ಲೊಂದು. ಆಗ ನನಗೆ ಹದಿನಾರು. ಕೋಳಿಗೂಡಿನ ಜಾಳಿಗೆಯಂತಹ ತಂತಿಬಲೆಯ, ಹತ್ತು ಅಡಿ ಅಗಲದ ಡಿಶ್ ಬಂದಿತು. ಜನ ಅದನ್ನು ಛತ್ರಿ ಎಂದು ಕರೆದರು. ತಿರುವಿಟ್ಟ ಛತ್ರಿಯಂತೆಯೇ ಅದಿತ್ತು. ಶಾಲೆಯ ಮಣ್ಣಿನ ಮಾಳಿಗೆಯ ಮೇಲೆ ಅದನ್ನು ಏರಿಸಬೇಕೆಂದಾಗ ನಮ್ಮ ಹೆಡ್ ಮಾಸ್ತರರು ನಿಚ್ಚಣಿಕೆಗೆ ಅಡ್ಡ ನಿಂತರು. “ಒಂದು ಮೊಳೀನೂ ಬಡಿಯೋ ಹಂಗಿಲ್ಲ. ಮಳಿ ಬಂದ್ರ ಮಕ್ಕಳು ಎಲ್ಲಿ ಕುಂದರಬೇಕು?” ಎಂದರು. ಬಂದವರು ನಕ್ಕರು, ಆಮೇಲೆ ಒಪ್ಪಿದರು. ಚೌಕಟ್ಟಿನ ಮೇಲೆ ಶಹಾಬಾದಿ ಫರಸಿಗಳನ್ನು ಹೇರಿ ಆ ಛತ್ರಿಯನ್ನು ನಿಲ್ಲಿಸಿದರು. ಕಲ್ಲು ಹೊತ್ತವರಲ್ಲಿ ನಾನೂ ಒಬ್ಬ. ಹತ್ತು ಅಡಿಯ ಆ ಛತ್ರಿ ಮೊಳೆಯಿಲ್ಲದೆ ವರ್ಷ ನಿಂತಿತು. ಎರಡು ಅಡಿಯ ಬಟ್ಟಲಿಗೆ ಸ್ಲ್ಯಾಬು ಕೊರೆಯಲೇಬೇಕೆಂದು ಹೇಳುವವರಿಗೆ ನನ್ನ ಉತ್ತರ ಆ ಫರಸಿಗಳು.

“ಇರಲಿ ಬಿಡ್ರಿ ಮಾಸ್ತರ, ಮ್ಯಾಲ ಇದ್ದದ್ದು ನಿಮಗೇನು ಊಟ ಕೇಳತೈತೇನು?” ಎಂದರು ಒಬ್ಬ ಮಿತ್ರರು. ಕೇಳುತ್ತದೆ ಎಂಬುದೇ ನನ್ನ ದೂರು. ತೆಗೆಸಿದ ಖರ್ಚಿನ ಲೆಕ್ಕವನ್ನೇ ನೋಡಿ. ನಟ್ಟುಗಳಿಗೆ ಸೀಮೆಎಣ್ಣೆ ಹಾಕಿ ಒಂದು ರಾತ್ರಿ ಬಿಟ್ಟರೂ ಹನ್ನೆರಡರಲ್ಲಿ ಮೂರು ಮಾತ್ರ ಸಡಿಲಾದವು. ಆಂಕರ್ ಬೋಲ್ಟನ್ನು ಹಲ್ಲು ಕಿತ್ತಂತೆ ಕೀಳಲಾಗುವುದಿಲ್ಲ. ಕಿತ್ತರೆ ಸ್ಲ್ಯಾಬಿನ ತುಂಡೂ ಬರುತ್ತದೆ. ಆದ್ದರಿಂದ ಸುತ್ತಲ ಗಿಲಾವನ್ನು ಸ್ವಲ್ಪ ಒಡೆದು, ಬೋಲ್ಟನ್ನು ಗ್ರೈಂಡರಿನಿಂದ ಮೇಲ್ಮೈಗಿಂತ ಕೆಳಗೆ ಕತ್ತರಿಸಿ, ಕುಗ್ಗದ ಗಾರೆ ತುಂಬಿ, ಮೇಲೆ ನೀರು ತಡೆಯುವ ಲೇಪ ಬಳಿಯಬೇಕು. ಹಳೆಯ ಕೇಬಲ್ ತೂತುಗಳನ್ನು ಮುಚ್ಚಬೇಕು. ಸಾಗವಾನಿ ಕಿಟಕಿಯ ಚೌಕಟ್ಟಿಗೇ ಒಬ್ಬ ಮಹಾನುಭಾವ ಡ್ರಿಲ್ ಹೊಡೆದಿದ್ದ. ಒಳಗೆ ಛತ್ತಿನ ದುರಸ್ತಿ ಬೇರೆ. ಎಲ್ಲ ಸೇರಿ ನನಗೆ ಬಿದ್ದ ವೆಚ್ಚ 11,400 ರೂಪಾಯಿ. ಗುಜರಿಯವನು ಮೂರೂ ಡಿಶ್‌ಗಳಿಗೆ ಕೊಟ್ಟದ್ದು 210.

ವಕೀಲ ಮಿತ್ರರು ತೋರಿಸಿದ ಕಾನೂನು ಇನ್ನೂ ಸ್ವಾರಸ್ಯದ್ದು. 1882ರ ಸ್ವತ್ತು ವರ್ಗಾವಣೆ ಕಾಯಿದೆಯ 8ನೆಯ ಕಲಮಿನಂತೆ, ಬೇರೆ ಮಾತು ಆಗಿರದಿದ್ದರೆ, ಜಮೀನು ಕೈಬದಲಾದಾಗ ಅದಕ್ಕೆ ಅಂಟಿದ ವಸ್ತುಗಳೂ ಕೊಂಡವನಿಗೆ ಸೇರುತ್ತವೆ. ಬೋಲ್ಟು ಬಿಗಿದ ಡಿಶ್ ಅಂಟಿದ್ದೋ ಅಲ್ಲವೋ ಎಂದು ವಾದಿಸಬಹುದಂತೆ. ವಾದಿಸುವ ಖರ್ಚಿನಲ್ಲಿ ಇನ್ನೊಂದು ಮಾಳಿಗೆ ಹಾಕಿಸಬಹುದು. ಆದ್ದರಿಂದ ಮನೆ ಕೊಳ್ಳುವವರು ಖರೀದಿ ಕರಾರಿನಲ್ಲಿಯೇ ಒಂದು ಸಾಲು ಬರೆಸಿಕೊಳ್ಳಲಿ: ಮಾಳಿಗೆಯ ಮೇಲಿನ ಡಿಶ್, ಕಂಬ, ಕೇಬಲ್‌ಗಳನ್ನು ತೆಗೆಸಿ, ತೂತು ಮುಚ್ಚಿಸಿ ಕೊಡತಕ್ಕದ್ದು. ಆದರೆ ಇದನ್ನು ಕೊಳ್ಳುವವನ ಜಾಣತನಕ್ಕೆ ಬಿಟ್ಟು ಸರಕಾರ ಸುಮ್ಮನಿರುವುದು ಸರಿಯಲ್ಲ. ಹಾಕುವಾಗಲೇ ತೆಗೆಯುವ ಹೊಣೆಯನ್ನೂ ಕಂಪನಿಯ ಪರವಾನಗಿಯಲ್ಲಿ ಬರೆಯಬೇಕು. ಗ್ರಾಹಕ ಸಂಖ್ಯೆ ಇದ್ದರೂ ಇಲ್ಲದಿದ್ದರೂ ತಮ್ಮ ಹೆಸರು ಹೊತ್ತ ವಸ್ತುವನ್ನು ಅವರು ಇಳಿಸಿಕೊಂಡು ಹೋಗಬೇಕು. ಜಾಹೀರಾತಿಗಾದರೆ ಡಿಶ್ ಅವರದು, ಸೋರಿದರೆ ನಮ್ಮದು ಎಂಬ ವ್ಯವಹಾರವನ್ನು ನಾನು ಒಪ್ಪಲಾರೆ.

ಜನರೂ ನಿರಪರಾಧಿಗಳಲ್ಲ. ಮನೆ ಬಿಡುವಾಗ ಬಲ್ಬು ಬಿಚ್ಚಿಕೊಳ್ಳುತ್ತೇವೆ, ಪರದೆಯ ಕೋಲು ಬಿಚ್ಚಿಕೊಳ್ಳುತ್ತೇವೆ, ಬಚ್ಚಲಿನ ಹಗ್ಗವನ್ನೂ ಬಿಡುವುದಿಲ್ಲ. ಡಿಶ್ ಮಾತ್ರ ಅಲ್ಲಿಯೇ. ಇದನ್ನು ಬರೆಯುತ್ತಿರುವಾಗ ಲೇಖನಿ ತಡೆಯಿತು. 2011ರಲ್ಲಿ ನರಗುಂದದಿಂದ ವರ್ಗವಾದಾಗ ನಾನೂ ಬಾಡಿಗೆ ಮನೆಯ ಮಾಳಿಗೆಯ ಮೇಲೆ ಒಂದನ್ನು ಬಿಟ್ಟು ಬಂದವನೇ. ಮಾಲೀಕರು ಫೋನ್ ಮಾಡಿ ಕೇಳಿದಾಗ, “ಇರಲಿ ಕಾಕಾ, ನಿಮಗ ಉಪಯೋಗ ಆದೀತು” ಎಂದು ಔದಾರ್ಯ ತೋರಿದ್ದೆ.

ಹೋದ ಜನವರಿಯಲ್ಲಿ ಅವರ ಸಂಖ್ಯೆಗೆ ಕರೆ ಮಾಡಿದೆ. ಕಾಕಾ ತೀರಿಕೊಂಡು ಆರು ವರ್ಷಗಳಾಗಿದ್ದವು, ಮಗ ಮಾತಾಡಿದ. ಡಿಶ್ ಇದೆಯೇ ಎಂದೆ. “ಐತ್ರಿ ಸರ. ಅಪ್ಪ ಪ್ರತಿ ಮಳಿಗಾಲ ಅದರ ಬುಡಕ್ಕ ಡಾಂಬರ್ ಹಚ್ಚತಿದ್ರು” ಎಂದ. ಮುಂದಿನ ರವಿವಾರ ಗೌಂಡಿಯನ್ನು ಕರೆದುಕೊಂಡು ನರಗುಂದಕ್ಕೆ ಹೋದೆ. ಬೋಲ್ಟು ಕತ್ತರಿಸಿ ಗಾರೆ ತುಂಬುವಷ್ಟರಲ್ಲಿ ಮಧ್ಯಾಹ್ನವಾಯಿತು. ಆ ಹುಡುಗ ರೊಟ್ಟಿ, ಝುಣಕ ಬಡಿಸಿದ. ದುರಸ್ತಿಯ ಹಣ ಕೊಡಹೋದರೆ ಮುಟ್ಟಲಿಲ್ಲ. ಡಿಶ್ಶನ್ನು ಅಲ್ಲಿಯ ಗುಜರಿಗೆ ಹಾಕಬಹುದಿತ್ತು. ಏಕೋ ಮನಸ್ಸಾಗಲಿಲ್ಲ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಧಾರವಾಡಕ್ಕೆ ಮರಳಿದೆ. ಕಂಡಕ್ಟರರು ಅದಕ್ಕೂ ಒಂದು ಲಗೇಜು ಟಿಕೆಟು ಹರಿದರು.